ಡ್ರೈವರ್ ಸೀಟಿನ ಕೆಳಗಿನ ಖಾರದ ಬಾಟ್ಲಿ

ನನ್ನ ಡ್ರೈವರ್ ಪುಟ್ಟರಾಜನಿಗೆ, ನಿನ್ನ ಕಂಡಕ್ಟರ್ ನಂಜುಂಡ ಮಳವಳ್ಳಿ ಬಸ್ ಸ್ಟ್ಯಾಂಡಿನಿಂದ ಬರೆಯೋದು.

ಗಾಡಿ ಅದೇ ಹೊಂಗೆ ಮರದ ಕೆಳಗೆ ನಿಂತಿದೆ. ಮದ್ದೂರಿಗೆ ವಾಪಸ್ ಹೊರಡೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಹೊಸ ಡ್ರೈವರ್ ಬೀಡಿ ಸೇದೋಕೆ ಇಳಿದು ಹೋಗಿದ್ದಾನೆ. ನಾನು ಕೊನೇ ಸೀಟಿನಲ್ಲಿ ಕೂತು ಟಿಕೆಟ್ ಬ್ಯಾಗನ್ನ ತೊಡೆ ಮೇಲಿಟ್ಟುಕೊಂಡು ಬರೀತಾ ಇದೀನಿ. ನನ್ನ ಅಕ್ಷರ ಕಂಡರೆ ನೀನು ಬೈತಿದ್ದೆ, ಇದೇನ್ಲಾ ಕೋಳಿ ಕೆದರ್ದಂಗೆ ಬರ್ದಿದ್ದೀಯ ಅಂತ. ಸುಧಾರಿಸಿಕೊಂಡು ಓದು. ನೀನು ಹೋದಮೇಲೆ ನಡೆದದ್ದು ಒಂದಷ್ಟಿದೆ. ಅದನ್ನ ನಿನಗೆ ಹೇಳದೆ ನನಗೆ ಸಮಾಧಾನ ಇಲ್ಲ.

ನಿನ್ನ ಡಬ್ಬಿ ಮೊದಲ ಸಲ ಉಪ್ಪಿಲ್ಲದೆ ಬಂದ ದಿನ ನೆನಪಿದೆಯಾ? ಹಿಂದಿನ ದಿನ ಮಂಡ್ಯದ ಡಾಕ್ಟರು ನಿನಗೆ ಬಿಪಿ ಜಾಸ್ತಿ ಇದೆ, ಕಿಡ್ನಿಗೂ ಪೆಟ್ಟು ಬೀಳ್ತಾ ಇದೆ, ಉಪ್ಪು ಕಮ್ಮಿ ಮಾಡಲೇಬೇಕು ಅಂದಿದ್ದರು. ಉಪ್ಪಿನಕಾಯಿ, ಹಪ್ಪಳ, ಖಾರ, ಅಂಗಡಿ ಕುರುಕಲು, ಎಲ್ಲಾ ಬಂದ್. ನೀನು ಎಂದಿನ ಹಾಗೆ ಡಬ್ಬಿಯನ್ನ ಎಂಜಿನ್ ಬಾನೆಟ್ ಮೇಲಿಟ್ಟು ಬೆಚ್ಚಗೆ ಮಾಡಿಕೊಂಡು ಬಂದಿದ್ದೆ. ಮುಚ್ಚಳ ತೆಗೆದೆ, ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೆ. ಆಮೇಲೆ ಎರಡನೇ ತುತ್ತಿಗೆ ಕೈ ಹಾಕದೆ ಮುಂದಿನ ಗಾಜು ನೋಡ್ತಾ ಕೂತುಬಿಟ್ಟೆ.

"ಯಾಕ್ಲಾ?" ಅಂತ ಕೇಳಿದೆ ನಾನು.

"ಏನಿಲ್ಲ ಬುಡು. ಬಾಯ್ಗೇನೂ ಗೊತ್ತಾಯ್ತಿಲ್ಲ ಕಣ್ಲಾ ನಂಜ. ಒದ್ದೆ ಬಟ್ಟೆ ಬಾಯ್ಗಾಕ್ಕಂಡಂಗದೆ."

ನನಗೆ ಕರುಳು ಚುರ್ ಅಂತು. ನಿನ್ನ ಸೀಟಿನ ಕೆಳಗೆ, ಜಾಕು ಸ್ಪ್ಯಾನರ್ ಇಡೋ ಪೆಟ್ಟಿಗೆಯಲ್ಲಿ ನಮ್ಮ ಖಾರದ ಬಾಟ್ಲಿ ಇರುತ್ತಿತ್ತಲ್ಲ, ಅದನ್ನ ತೆಗೆದೆ. ಉಪ್ಸಾರಿಗೆ ಅಂತ ನಮ್ಮನೆಯವಳು ಪದ್ಮ ಹದಿನೈದು ದಿನಕ್ಕೊಮ್ಮೆ ಅರೆದು ತುಂಬಿ ಕೊಡುತ್ತಿದ್ದ ಖಾರ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಅಷ್ಟು ದಿನ ಕೆಡದೆ ಇರಲಿ ಅಂತ ಕೈತುಂಬ ಉಪ್ಪು. ಕಾಳು ಸೊಪ್ಪು ಬೇಯಿಸಿ ಬಸಿದ ನೀರು ಒಂದು ಕಡೆ, ಈ ಖಾರ ಒಂದು ಕಡೆ, ಎಷ್ಟು ಕಲಸಿಕೊಳ್ಳಬೇಕು ಅನ್ನೋದು ಉಣ್ಣೋನ ಇಷ್ಟ. ನಮ್ಮ ಕಡೆ ಊಟದ ಸುಖವೇ ಅದರಲ್ಲಿದೆ. ಆದರೆ ಅವತ್ತು ನಿನ್ನ ಇಷ್ಟ ಏನು ಅಂತ ನಾನು ಕೇಳಲಿಲ್ಲ. ಒಸಿ, ಒಂದು ಚೂರು ತಾನೇ ಅಂತ ಚಮಚದ ತುದಿಯಲ್ಲಿ ತೆಗೆದು ನಿನ್ನ ಸಾರಿಗೆ ಹಾಕಿದೆ. ನೀನು ನನ್ನ ಮುಖ ನೋಡಿದೆ, ಬಾಟ್ಲಿ ನೋಡಿದೆ, ಕಲಸಿದೆ. ಹೊಟ್ಟೆ ತುಂಬ ಉಂಡೆ. ಕೈ ತೊಳೆಯುವಾಗ, ಹೆಂಡತಿಗೆ ಗೊತ್ತಾಗಬಾರದು ಅಂತ, "ಸುಜಾತಂಗೆ ಏಳ್ಬೇಡ ಕಣ್ಲಾ," ಅಂದೆ. ನಾನು ನಗುತ್ತಾ ರೈಟ್ ಅಂತ ಸೀಟಿ ಊದಿದೆ.

ಆ 'ಒಸಿ' ಎರಡು ವರ್ಷ ನಡೀತು. ಚಮಚದ ತುದಿ ಅರ್ಧ ಚಮಚ ಆಯಿತು, ಅರ್ಧ ಒಂದಾಯಿತು. ಕೆಲವು ದಿನ ನೀನು ಬೇಡ ಅಂತ ಕೈ ಅಡ್ಡ ಇಟ್ಟಿದ್ದೂ ಉಂಟು. "ಬ್ಯಾಡ ನಂಜ, ಕಾಲು ಊದ್ತಾ ಅವೆ," ಅಂತ ಚಪ್ಪಲಿ ಪಟ್ಟಿಯ ಗುರುತು ತೋರಿಸಿದೆ ಒಂದು ಸಲ. ನಾನೇನು ಮಾಡಿದೆ? "ಎಂಟು ಗಂಟೆ ಕೂತ್ಕಂಡು ಗಾಡಿ ಓಡ್ಸುದ್ರೆ ಎಲ್ರ ಕಾಲೂ ಊದ್ತವೆ, ಉಣ್ಣು" ಅಂತ ನಿನ್ನ ಕೈ ಸರಿಸಿ ಹಾಕಿದೆ. ಲೇ, ನಿನ್ನ ಕೈ ಸರಿಸಿದ್ದೆ ಕಣ್ಲಾ ನಾನು. ಊಟ ಆದಮೇಲೆ ನೀನು ಡಬ್ಬಿಯನ್ನ ಸ್ಟ್ಯಾಂಡಿನ ನಲ್ಲಿಯಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದೆ, ಖಾರದ ಕೆಂಪು ಉಳೀಬಾರದು ಅಂತ. ನಾವಿಬ್ಬರೂ ಏನೋ ಭಾರೀ ಜಾಣರ ಹಾಗೆ ನಗುತ್ತಿದ್ದೆವು.

ಯುಗಾದಿ ಮುಗಿದ ವಾರ ನೀನು ಆಸ್ಪತ್ರೆಗೆ ಅಂತ ರಜೆ ಹಾಕಿದವನು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಬೆಸಗರಹಳ್ಳಿಯ ನಿಮ್ಮ ಮನೆಯಲ್ಲಿ ಹನ್ನೊಂದನೇ ದಿನದ ತಿಥಿ ಊಟ. ಸುಜಾತಮ್ಮ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಡಾಕುಟ್ರು ಏಳ್ದಂಗೇ ಮಾಡ್ದೆ ಕಣಮ್ಮ. ಒಂದರಳು ಉಪ್ಪಾಕ್ದೆ ಡಬ್ಬಿ ಕಟ್ಟಿ ಕಳುಸ್ತಿದ್ದೆ. ಅದ್ನೂ ಒಂದಗುಳು ಬುಡ್ದೆ ಉಂಡು, ತೊಳ್ದು ತರೋರು. ನನ್ನ ಕೈ ರುಚಿ ಅಂಗಿತ್ತು." ಅಷ್ಟು ದುಃಖದಲ್ಲೂ ಆ ಮಾತು ಹೇಳುವಾಗ ಅವಳ ಮುಖ ಒಂದು ಗಳಿಗೆ ಅರಳುತ್ತಿತ್ತು. ನಾನು ಎಲೆ ಮುಂದೆ ಕೂತಿದ್ದೆ. ಎದ್ದು ಹೇಳಿಬಿಡಲಾ? ಹೇಳಿದರೆ ಅವಳಿಗೆ ಉಳಿದಿರೋ ಒಂದೇ ಒಂದು ಸಮಾಧಾನವನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ... ಅವತ್ತು ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

ಆಮೇಲೊಂದು ದಿನ ಕೆ.ಎಂ. ದೊಡ್ಡಿ ದಾಟಿದಮೇಲೆ ಟಿಕೆಟ್ ಹರೀತಾ ಇದ್ದವನಿಗೆ ತಲೆ ಗಿರ್ ಅಂತು. ಕಂಬಿ ಹಿಡಿದು ನಿಂತೆ. ಮದ್ದೂರಿನಲ್ಲಿ ಇಳಿದು ತೋರಿಸಿದರೆ ನನಗೂ ಬಿಪಿ. ಮಂಡ್ಯದವರು ನಿನಗೆ ಹೇಳಿದ್ದ ಮಾತನ್ನೇ ಇಲ್ಲಿನ ಡಾಕ್ಟರು ನನಗೂ ಹೇಳಿದರು. ನಾನು ಎದ್ದು ಬರೋ ಬದಲು ಕೂತೇ ಇದ್ದೆ. "ಸಾರ್, ದಿನಾ ಒಂದು ಚಮಚ ಖಾರ ತಿಂದ್ರೆ ಮನುಷ್ಯ ಸಾಯ್ತಾನಾ?" ಅಂತ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನ ನೋಡಿದರು. "ಅದೊಂದರಿಂದಲೇ ಅಂತ ಹೇಳೋಕಾಗಲ್ಲ. ಆದ್ರೆ ಕಿಡ್ನಿ ವೀಕ್ ಇರೋರಿಗೆ ಅದು ಇಲ್ಲದೆ ಇದ್ದಿದ್ರೆ ಒಳ್ಳೇದಿತ್ತು," ಅಂದರು. ಒಳ್ಳೇದಿತ್ತು. ಆ ಮಾತನ್ನ ಹೊತ್ತುಕೊಂಡು ಬಸ್ಸು ಹತ್ತಿದೆ. ನಿನ್ನ ಜಾಗದಲ್ಲಿ ಬೇರೆ ಯಾರೋ ಕೂತಿದ್ದ. ಸೀಟಿನ ಕೆಳಗೆ ಬಾಟ್ಲಿ ಹಾಗೇ ಇತ್ತು.

ನಂಬ್ತೀಯಾ, ಆಮೇಲೂ ನಾನು ಆ ಬಾಟ್ಲಿ ಬಿಡಲಿಲ್ಲ. ಪದ್ಮಂಗೂ ಬಿಪಿ ವಿಷಯ ಹೇಳಲಿಲ್ಲ. ಮಾತ್ರೆಗಳನ್ನ ಟಿಕೆಟ್ ಬ್ಯಾಗಿನೊಳಗೆ ಇಟ್ಟುಕೊಂಡೆ. ಮಧ್ಯಾಹ್ನ ಮಾತ್ರೆ ಚೀಟಿ ನೋಡೋದು, ಖಾರ ಕಲಸೋದು, ಹೆದರೋದು, ಮತ್ತೆ ಕಲಸೋದು. ಒಬ್ಬನೇ ಉಣ್ಣುವಾಗ ಪ್ರತಿ ತುತ್ತಿಗೂ ನಿನ್ನ ಕಾಲಿನ ಚಪ್ಪಲಿ ಗುರುತು ಕಣ್ಣಿಗೆ ಬರ್ತಿತ್ತು. ಆದರೂ ಕೈ ಬಾಟ್ಲಿಗೇ ಹೋಗುತ್ತಿತ್ತು. ಹೆದರಿಕೆ ಇದ್ದರೆ ಮನುಷ್ಯ ಬಿಡುತ್ತಾನೆ ಅಂತಾರಲ್ಲ, ಸುಳ್ಳು ಕಣ್ಲಾ. ಹೆದರ್ತಾ ಹೆದರ್ತಾನೇ ತಿಂತಾನೆ.

ಪಿತೃಪಕ್ಷದ ಅಮಾವಾಸ್ಯೆಗೆ ಮೂರು ದಿನ ಇದ್ದಾಗ ಸುಜಾತಮ್ಮನ ಫೋನ್ ಬಂತು. ಮದ್ದೂರು ಸ್ಟ್ಯಾಂಡಿನ ಗಲಾಟೆಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ.

"ನಂಜುಂಡಣ್ಣ, ಅಮಾಸೆ ದಿನ ಎಡೆ ಇಕ್ತೀವಿ. ಪದ್ಮಕ್ಕನ ಕರ್ಕಂಡು ಬನ್ನಿ. ಇನ್ನೊಂದ್ ಮಾತು. ಮದ್ಯಾನದೂಟ ಅಷ್ಟು ವರ್ಸ ನಿಮ್ಜೊತೇಲೇ ಉಂಡವ್ರೆ. ಅವ್ರು ಏನು ಇಷ್ಟಪಟ್ಟು ಉಣ್ತಿದ್ರು ಅಂತ ನಿಮ್ಗೇ ಸರ್ಯಾಗಿ ಗೊತ್ತಿರೋದು. ಏಳಿ, ಎಡೆಗೆ ಏನಿಕ್ಕಲಿ?"

ನಾನು ಏನು ಹೇಳಲಿ? ಹಿರಿಯರಿಗೆ ಇಡೋ ಎಡೆಯಲ್ಲಿ ಅವರು ಬದುಕಿದ್ದಾಗ ಆಸೆಪಟ್ಟದ್ದನ್ನೆಲ್ಲ ಇಡಬೇಕು, ಇಲ್ಲದಿದ್ದರೆ ಅವರು ಉಣ್ಣದೆ ಹೋಗ್ತಾರೆ ಅನ್ನೋದು ನಿನಗೂ ಗೊತ್ತು, ನನಗೂ ಗೊತ್ತು. ನಿಜ ಹೇಳಿದರೆ ನಾನು ಸಿಕ್ಕಿಬೀಳ್ತೀನಿ, ಸುಳ್ಳು ಹೇಳಿದರೆ ನೀನು ಹಸಕೊಂಡು ಹೋಗ್ತೀಯ. "ಉಪ್ಸಾರು ಮಾಡಿ," ಅಂದೆ. "ಖಾರ ನಾನೇ ತತ್ತೀನಿ." ಅವಳು, "ಖಾರವಾ?" ಅಂದಳು. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೀತು. ಫೋನ್ ಇಟ್ಟೆ.

ಅಮಾವಾಸ್ಯೆ ದಿನ ಬೆಳಿಗ್ಗೆ ಪದ್ಮ ಒರಳು ತೊಳೆದು ಖಾರ ಅರೆದಳು. ಎಡೆಗೆ ಇಡೋದನ್ನ ಮೊದಲು ರುಚಿ ನೋಡೋ ಹಾಗಿಲ್ಲ, ಉಪ್ಪನ್ನ ಕೈ ಅಂದಾಜಿನಲ್ಲೇ ಹಾಕಬೇಕು. "ಪುಟ್ರಾಜಣ್ಣಂಗೆ ಅಂತ ಒಸಿ ಮುಂದಾಗೇ ಆಕಿವ್ನಿ," ಅಂತ ಬಾಟ್ಲಿ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಬೆಸಗರಹಳ್ಳಿವರೆಗೂ ಅದನ್ನ ಎದೆಗೆ ಒತ್ತಿಕೊಂಡು ಕೂತಿದ್ದೆ. ಎದುರಿಗೆ ಕೂತ ಅಜ್ಜಿ, "ಅದೇನಪ್ಪ, ಎಣ್ಣೆಯಾ?" ಅಂತ ಕೇಳಿತು. ಖಾರ ಅಂತ ಹೇಳೋಕೂ ನನಗೆ ಧೈರ್ಯ ಬರಲಿಲ್ಲ.

ನಿಮ್ಮ ನಡುಮನೆಯಲ್ಲಿ ನಿನ್ನ ಫೋಟೊ ಇಟ್ಟು, ಹೊಸ ಪಂಚೆ, ಇಸ್ತ್ರಿ ಮಾಡಿದ ಖಾಕಿ ಅಂಗಿ ಇಟ್ಟಿದ್ದರು. ದೊಡ್ಡ ಬಾಳೆಲೆ. ಮಟನ್ ಸಾರು, ಮುದ್ದೆ, ಉಪ್ಸಾರು, ಕಜ್ಜಾಯ, ಹಪ್ಪಳ. ನಾನು ತಂದ ಖಾರವನ್ನ ಸುಜಾತಮ್ಮ ಏನೂ ಕೇಳದೆ ಎಲೆಯ ಮೂಲೆಗೆ ಬಡಿಸಿದಳು. ಕೊನೆಗೆ ನಿನ್ನ ಮಗಳು ಕಾವ್ಯ ಒಂದು ಪೊಟ್ಟಣ ಬಿಚ್ಚಿ ನಾಲ್ಕು ನಿಪ್ಪಟ್ಟು ಇಟ್ಟಳು. "ನಿಪ್ಪಟ್ಟು ಯಾಕವ್ವ? ಅಪ್ಪ ತಿಂತಿರ್ಲಿಲ್ವಲ್ಲ," ಅಂದಳು ಸುಜಾತಮ್ಮ. ಕಾವ್ಯ ಖಾಲಿ ಪೊಟ್ಟಣ ಮಡಚುತ್ತಾ ಹಿಂದಕ್ಕೆ ಸರಿದಳು. ಧೂಪ ಹಾಕಿ, ಕೈಮುಗಿದು, ನೀನು ಬಂದು ಉಣ್ಣಲಿ ಅಂತ ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದೆವು.

ಮುಚ್ಚಿದ ಬಾಗಿಲ ಮುಂದೆ ನಾವು ನಾಲ್ಕು ಜನ. ಒಳಗೆ ನೀನು. ಸುಜಾತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಪದ್ಮನ ಹತ್ತಿರ ಅದೇ ಮಾತು ತೆಗೆದಳು. "ಉಪ್ಪಿಲ್ದಿದ್ರೂ ಒಂದಗುಳು ಬುಡ್ತಿರ್ಲಿಲ್ಲ ಕಣಕ್ಕ..." ಇವಳು ಇನ್ನೆಷ್ಟು ವರ್ಷ ಈ ಮಾತನ್ನ ಹೇಳಿಕೊಂಡು ಓಡಾಡಬೇಕು, ನಾನು ಇನ್ನೆಷ್ಟು ವರ್ಷ ತಲೆ ತಗ್ಗಿಸಿ ಕೇಳಬೇಕು?

"ಅಮ್ಮಾ," ಅಂದೆ. "ಆ ಡಬ್ಬಿ ಬರಿದಾಯ್ತಿದ್ದದ್ದು ನನ್ನ ಖಾರದಿಂದ ಕಣಮ್ಮ. ಎಲ್ಡು ವರ್ಸ, ದಿನಾ, ನಾನೇ ಆಕ್ಕೊಟ್ಟಿವ್ನಿ. ಅವ್ನು ಬ್ಯಾಡ ಅಂದ್ರೂ ಆಕಿವ್ನಿ. ನನ್ನ ಏನಾರ ಅನ್ನಿ. ಈ ಮನೆ ಒಸ್ಲು ತುಳೀಬ್ಯಾಡ ಅಂದ್ರೂ ಸರಿ."

ಪದ್ಮ ನನ್ನ ಕಡೆ ತಿರುಗಿದಳು. ಸುಜಾತಮ್ಮ ನನ್ನನ್ನ ನೋಡಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಳು. ಬಯ್ಯುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ ಅಂತ ಕಾದೆ. ಅವಳ ದನಿ ಬಹಳ ಸಣ್ಣಗೆ ಬಂತು.

"ನಾನೂ ಆಕ್ತಿದ್ದೆ ಕಣಣ್ಣ. ಸಂಜೆ ಸಾರ್ಗೆ. ಮೊದ್ಮೊದ್ಲು ಒಂದು ಚಿಟ್ಕೆ. ಆಮ್ಯಾಲೆ ಯಾವಾಗ್ಲಿನಂಗೆ. ತಟ್ಟೆ ಮುಂದೆ ಮಖ ಬಾಡುಸ್ಕಂಡು ಕುಂತಿದ್ರೆ ಎಂಗಣ್ಣ ನೋಡದು? ಮದ್ಯಾನದ ಡಬ್ಬಿಗೆ ಮಾತ್ರ ಆಕ್ತಿರ್ಲಿಲ್ಲ. ಅದೊಂದೊತ್ತಾದ್ರೂ ಉಪ್ಪಿಲ್ದೆ ಉಣ್ತಾವ್ರಲ್ಲ ಅಂತ ದೇವ್ರಿಗೆ ಕೈ ಮುಗೀತಿದ್ದೆ."

ಅದೊಂದು ಹೊತ್ತು. ನಾನು ಕೆಡಿಸಿದ್ದು ಅದೇ ಹೊತ್ತನ್ನ ಕಣ್ಲಾ.

"ಅಮ್ಮ," ಅಂದಳು ಕಾವ್ಯ. ಅವಳು ಅಳ್ತಾ ಇದ್ದಳು. "ಶನಿವಾರ ಮಂಡ್ಯದಿಂದ ಬರುವಾಗ ನಾನು ನಿಪ್ಪಟ್ಟು ತರ್ತಿದ್ದೆ. ಅಪ್ಪ ಹಿತ್ತಲಲ್ಲಿ ನಿಂತ್ಕೊಂಡು ತಿಂತಿದ್ರು. ವಾರಕ್ಕೊಂದು ಸಲ ತಾನೇ, ಏನಾಗುತ್ತೆ ಅಂದ್ಕೊಂಡೆ. ಮಿಕ್ಕಿದ್ದೆಲ್ಲ ನೀನು ಸರಿಯಾಗಿ ನೋಡ್ಕೋತೀಯಲ್ಲ ಅಂತ..."

ನಾವು ಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪುಟ್ರಾಜ, ನೀನೆಂಥ ಕಳ್ಳ ಕಣ್ಲಾ! ನನ್ನ ಮುಂದೆ ಹೆಂಡತಿಗೆ ಹೇಳಬೇಡ ಅಂದೆ, ಹೆಂಡತಿ ಮುಂದೆ ಮಗಳಿಗೆ ಗೊತ್ತಾಗೋದು ಬೇಡ ಅಂದಿರ್ತೀಯ, ಮಗಳ ಮುಂದೆ ಅವ್ವಂಗೆ ಹೇಳಬೇಡ. ಒಬ್ಬೊಬ್ಬರ ಹತ್ತಿರವೂ ಒಸಿ ಒಸಿ ಇಸ್ಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ನಾವೂ ಅಷ್ಟೇ, ಇನ್ನೊಬ್ಬರು ನೋಡಿಕೊಳ್ತಾರೆ ಅಂತ ನಂಬಿ, ನಮ್ಮದು ಒಸಿ ತಾನೇ ಅಂತ ಹಾಕುತ್ತಾ ಹೋದೆವು. ಪ್ರೀತಿಯಿಂದಲೇ ಹಾಕಿದ್ದು. ಅದಕ್ಕೇ ಯಾರಿಗೂ ತಪ್ಪು ಅನ್ನಿಸಲಿಲ್ಲವೋ ಏನೋ.

ಸುಜಾತಮ್ಮ ಇದ್ದಕ್ಕಿದ್ದ ಹಾಗೆ ಬಾಗಿಲ ಕಡೆ ಕೈ ಮಾಡಿದಳು. "ನೋಡಣ್ಣ, ಈಗ್ಲೂ ಬಾಗ್ಲಾಕ್ಕಂಡು ಕದ್ದು ಉಣ್ತಾ ಅವ್ರೆ!" ಅಂದಳು. ನಗು ಬಂತು, ನಗುತ್ತಲೇ ಅವಳು ಜಗಲಿ ಮೇಲೆ ಕುಸಿದು ಕೂತು ಅತ್ತಳು. ಪದ್ಮ ಅವಳ ಬೆನ್ನು ಸವರಿದಳು. ನಾನು ಗಂಡಸು, ಅಳಬಾರದು ಅಂತ ಹಿತ್ತಲಿಗೆ ಹೋದೆ. ನೀನು ನಿಪ್ಪಟ್ಟು ತಿನ್ನುತ್ತಿದ್ದ ಜಾಗ ಅದೇ ಇರಬೇಕು, ಬಟ್ಟೆ ಒಗೆಯೋ ಕಲ್ಲಿನ ಪಕ್ಕ. ಅಲ್ಲೇ ನಿಂತು ಚೆನ್ನಾಗಿ ಅತ್ತೆ.

ನಮ್ಮ ಮನೆಗೆ ಬಂದವಳೇ ಪದ್ಮ ನನ್ನ ಟಿಕೆಟ್ ಬ್ಯಾಗನ್ನ ಮಗುಚಿ ಹಾಕಿದಳು. ಮಾತ್ರೆ ಚೀಟಿಗಳು ಬಿದ್ದವು. "ನಂಗೆ ಏಳ್ದೆ ಇನ್ನೇನೇನು ಮಡಿಕ್ಕಂಡಿದ್ದೀಯ? ನಾನು ವಿಸ ಅರ್ದು ಅರ್ದು ಬಾಟ್ಲಿ ತುಂಬ್ತಾ ಇದ್ನಲ್ಲ!" ಅಂತ ಕಿರುಚಿದಳು. ನನಗೆ ಬೈಗುಳ ಅಷ್ಟು ಹಿತವಾಗಿದ್ದದ್ದು ಅದೇ ಮೊದಲು. ಅವತ್ತೇ ಒಂದು ಕಟ್ಟು ಮಾಡಿದಳು. ಈ ಮನೆಯಲ್ಲಿ ಯಾರೇ ಯಾರಿಗೇ ಉಪ್ಪು ಹಾಕಿದರೂ ಎಲ್ಲರ ಎದುರಿಗೆ, ಬಾಯಿ ಬಿಟ್ಟು ಹೇಳಿ ಹಾಕಬೇಕು.

ಆಮೇಲಿನ ದಿನಗಳ ಪಾಡು ಕೇಳು. ಮೊದಲು ನಾನು ಜಾಣತನ ಮಾಡಿದೆ. ಅಂಗಡಿಯಲ್ಲಿ ಬಿಪಿಯವರಿಗೆ ಅಂತ ಬೇರೆ ಥರದ ಉಪ್ಪಿನ ಪೊಟ್ಟಣ ಸಿಗುತ್ತೆ ಅಂತ ಯಾರೋ ಅಂದರು, ಎರಡು ತಂದೆ. ಒಂದು ನಮಗೆ, ಒಂದು ಸುಜಾತಮ್ಮಂಗೆ. ಆಸ್ಪತ್ರೆಯ ನರ್ಸಮ್ಮ ಅದನ್ನ ನೋಡಿ ಸರಿಯಾಗಿ ಉಗಿದರು. "ಕಿಡ್ನಿ ವೀಕ್ ಇರೋರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ಇದೇ ತೊಂದರೆ ಕೊಡುತ್ತೆ. ಡಾಕ್ಟರನ್ನ ಕೇಳದೆ ಯಾವ ಉಪ್ಪನ್ನೂ ತರಬೇಡಿ," ಅಂದರು. ನೀನು ಇದ್ದಿದ್ದರೆ ಅದನ್ನೂ ನಿನಗೆ ಪ್ರೀತಿಯಿಂದ ತಂದುಕೊಡ್ತಿದ್ದೆ ತಾನೇ ನಾನು?

ಪದ್ಮ ಉಪ್ಪಿಲ್ಲದೆ ಖಾರ ಅರೆದ ಮೊದಲ ಸಲ ಬಾಟ್ಲಿ ತುಂಬಿ ಸೀಟಿನ ಕೆಳಗೆ ಇಟ್ಟೆ. ಮೂರನೇ ದಿನಕ್ಕೆ ಬೂಸ್ಟು ಹಿಡೀತು. ಉಪ್ಪೇ ಅದನ್ನ ಕಾಯುತ್ತಿದ್ದದ್ದು ಅಂತ ಅವಾಗ ಗೊತ್ತಾಯಿತು. ಈಗ ಬೆಳಿಗ್ಗೆ ಬೆಳಿಗ್ಗೆ ಅವತ್ತಿನದು ಅವತ್ತಿಗೆ ಅರೀತಾಳೆ, ಉಪ್ಪಿನ ಬದಲು ಬೆಳ್ಳುಳ್ಳಿ, ಕಾಳುಮೆಣಸು ಜಾಸ್ತಿ, ಹುಣಸೆಹಣ್ಣು ಒಂದೆಸಳು ಮುಂದಾಗಿ. ಅದರ ಜೊತೆ ಅರ್ಧ ಹೋಳು ನಿಂಬೆಹಣ್ಣು. ಒಂದು ದಿನ ಹುರಿದ ಹುಚ್ಚೆಳ್ಳಿನ ಪುಡಿ, ಒಂದು ದಿನ ಕರಿಬೇವಿನ ಪುಡಿ, ಒಂದು ದಿನ ಸೌತೆಕಾಯಿ ತುರಿದು ಮೊಸರಿಗೆ ಹಾಕಿ ಕೊತ್ತಂಬರಿ ಉದುರಿಸಿದ್ದು. ಹುಚ್ಚೆಳ್ಳು ಪುಡಿ ಬಿಸಿ ಮುದ್ದೆ ಮೇಲೆ ಬಿದ್ದರೆ ಏಳುತ್ತಲ್ಲ ಘಮ, ಅದಕ್ಕೆ ಉಪ್ಪಿನ ಹಂಗೇ ಇಲ್ಲ. ನಿನಗೆ ಇದೆಲ್ಲ ಕೊಡಬಹುದಿತ್ತು. ನನಗೆ ಆ ಬಾಟ್ಲಿ ಬಿಟ್ಟು ಬೇರೆ ಏನೂ ಹೊಳೀಲಿಲ್ಲ.

ಸುಳ್ಳು ಹೇಳಲ್ಲ, ಮೊದಲ ವಾರ ಚಪ್ಪೆ ಅಂದರೆ ಚಪ್ಪೆ. ನಿನ್ನ ಒದ್ದೆ ಬಟ್ಟೆ ಮಾತು ನೆನಪಾಗಿ ಡಬ್ಬಿ ಮುಚ್ಚಿಟ್ಟು ಹೊರಗೆ ನೋಡ್ತಾ ಕೂತಿದ್ದೂ ಇದೆ. ಎರಡನೇ ವಾರ ಪದ್ಮನ ಮೇಲೆ ರೇಗಿದೆ. ಹೊಸ ಡ್ರೈವರ್ ತನ್ನ ಉಪ್ಪಿನಕಾಯಿ ಡಬ್ಬಿ ಮುಂದೆ ಹಿಡಿದಾಗ ಕೈ ಚಾಚಿ ವಾಪಸ್ ತೆಗೆದೆ. ಮೂರನೇ ವಾರ ಏನಾಯಿತು ಅಂತ ನನಗೇ ಗೊತ್ತಿಲ್ಲ, ಸುಮ್ಮನೆ ಉಣ್ತಾ ಹೋದೆ.

ಹೀಗೇ ತಿಂಗಳು ದಾಟಿದಮೇಲೆ ಮಳವಳ್ಳಿಯಲ್ಲಿ ಒಂದು ಮದುವೆ ಊಟ. ಎಲೆಯ ತುದಿಗೆ ಮಾವಿನ ಉಪ್ಪಿನಕಾಯಿ ಬಡಿಸಿದರು. ಪದ್ಮ ಎದುರು ಸಾಲಿನಿಂದ ಕಣ್ಣು ಬಿಟ್ಟಳು. ನಾನು ಅವಳಿಗೆ ಕಾಣೋ ಹಾಗೇ, ಹೇಳಿಯೇ, ಒಂದು ತುಣುಕನ್ನ ನಾಲಿಗೆಗೆ ಮುಟ್ಟಿಸಿದೆ. ಅಷ್ಟು ದಿನ ಅದಕ್ಕೇ ತಾನೇ ಜೀವ ಬಿಟ್ಟಿದ್ದು? ಬಾಯಿ ಕಹಿ ಆಯಿತು ಕಣ್ಲಾ. ಉಪ್ಪು ನಾಲಿಗೆ ಸುಟ್ಟ ಹಾಗಾಯಿತು. ಎಲೆಯ ಪಕ್ಕಕ್ಕೆ ಉಗಿದು ನೀರು ಕುಡಿದೆ. ಆಮೇಲೆ ಸಾರು ಬಂತು, ಅದೂ ಉಪ್ಪೋ ಉಪ್ಪು. ಪಕ್ಕದವರನ್ನ ಕೇಳಿದರೆ, ಹದವಾಗೇ ಇದೆಯಲ್ಲ ಅಂದರು.

ನಾಲಿಗೆ ದಾರಿಗೆ ಬಂದಿತ್ತು. ಒಂದೇ ತಿಂಗಳು ಸಾಕಾಗಿತ್ತು ಅದಕ್ಕೆ. ಒದ್ದೆ ಬಟ್ಟೆಯಂತಿದ್ದದ್ದು ಒಂದು ತಿಂಗಳಾದಮೇಲೆ ಊಟ ಆಗುತ್ತೆ ಅಂತ ನಿನಗೆ ಯಾರೂ ಹೇಳಲಿಲ್ಲ. ನಮಗೆ ಗೊತ್ತಿರಲಿಲ್ಲ. ಗೊತ್ತಾಗೋಕೆ ನಾವು ಬಿಟ್ಟಿದ್ದರೆ ತಾನೇ? ನಾನು ಮಧ್ಯಾಹ್ನ, ಅವಳು ಸಂಜೆ, ಮಗಳು ಶನಿವಾರ. ಎರಡು ವರ್ಷದಲ್ಲಿ ನಿನ್ನ ನಾಲಿಗೆಗೆ ಒಂದೇ ಒಂದು ತಿಂಗಳು ಬಿಡುವು ಕೊಡಲಿಲ್ಲ ನಾವು.

ಇದನ್ನ ಸುಜಾತಮ್ಮಂಗೆ ಹೇಳಲಾ ಬೇಡವಾ ಅಂತ ಹೆದರ್ತಾ ಇದ್ದೆ. ಅಷ್ಟರಲ್ಲಿ ಕಾವ್ಯ ಅವಳನ್ನ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಅವಳಿಗೂ ಬಿಪಿ ಇದೆ ಪುಟ್ರಾಜ. ಕಿಡ್ನಿ ಸದ್ಯಕ್ಕೆ ಸರಿಯಾಗಿದೆಯಂತೆ, ಹೆದರಬೇಡ. ನಿನಗೆ ಹೆದರಬೇಡ ಅಂತ ಬರೆದರೂ ನನಗೆ ಆ 'ಸದ್ಯಕ್ಕೆ' ಅನ್ನೋ ಮಾತೇ ಹೆದರಿಕೆ.

ಅವಳು ಉಪ್ಪು ಬಿಟ್ಟ ನಾಲ್ಕನೇ ದಿನಕ್ಕೆ ಫೋನ್ ಮಾಡಿದಳು. ದನಿ ಸೋತು ಹೋಗಿತ್ತು. "ನಂಜುಂಡಣ್ಣ, ಆಯ್ತಿಲ್ಲ ಕಣಣ್ಣ ನನ್ಕೈಲಿ. ತುತ್ತು ಇಳೀತಿಲ್ಲ. ನಿಮ್ಮ ಹಳೇ ಖಾರ ಒಸಿ ಬಸ್ಸಲ್ಲಿ ಕೊಟ್ಟು ಕಳ್ಸಿ. ಒಸಿ ಅಂದ್ರೆ ಒಸಿ. ಕಾವ್ಯಂಗೆ ಏಳ್ಬ್ಯಾಡಿ."

ಅದೇ ಮಾತು ಕಣ್ಲಾ. ನಿನ್ನ ಬಾಯಿಂದ ಬಂದ ಹಾಗೇ ಇತ್ತು. ನನ್ನ ಕರುಳು ಅದೇ ಥರ ಚುರ್ ಅಂತು. ಗಂಡ ಸತ್ತ ಹೆಂಗಸು, ಬಾಯಿ ಬಿಟ್ಟು ಒಂದು ಚಮಚ ಖಾರ ಕೇಳ್ತಾಳೆ, ಹೇಗೆ ಇಲ್ಲ ಅನ್ನೋದು?

"ಇಲ್ಲ ಕಣಮ್ಮ," ಅಂದೆ. "ಕೊಡಲ್ಲ. ಕಾವ್ಯಂಗೂ ಏಳ್ತೀನಿ. ಒಂದು ತಿಂಗ್ಳು ತಡ್ಕಳಿ. ಒಂದೇ ತಿಂಗ್ಳು. ಆಮ್ಯಾಲೂ ಇಳೀಲಿಲ್ಲ ಅಂದ್ರೆ ನನ್ನ ಕೇಳಿ." ಅವಳು ಸಿಟ್ಟಿನಿಂದ ಫೋನ್ ಕಟ್ ಮಾಡಿದಳು. ಅವತ್ತು ಮದ್ದೂರಿನವರೆಗೂ ಯಾರಿಗೆ ಟಿಕೆಟ್ ಕೊಟ್ಟೆ, ಯಾರಿಗೆ ಬಿಟ್ಟೆ ಅನ್ನೋದೇ ಗೊತ್ತಾಗಲಿಲ್ಲ.

ಮಾರನೇ ದಿನದಿಂದ ಪದ್ಮ ಎರಡು ಡಬ್ಬಿ ಖಾರ ಅರೀತಾಳೆ. ಉಪ್ಪಿಲ್ಲದ್ದು. ಬೆಸಗರಹಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ದಿನಾ ಬೆಳಿಗ್ಗೆ ಒಂದು ಡಬ್ಬಿ, ಎರಡು ನಿಂಬೆಹಣ್ಣು ಕೊಡ್ತೀನಿ. ಮೊದಲ ಎರಡು ದಿನ ಡಬ್ಬಿ ಮುಟ್ಟದೆ ವಾಪಸ್ ಬಂತು. ಮೂರನೇ ದಿನ ಅರ್ಧ ಖಾಲಿ. ನೆನ್ನೆ ಪೂರ್ತಿ ಖಾಲಿ ಬಂತು, ಆದರೆ ತೊಳೆದಿರಲಿಲ್ಲ. ಒಳಗೆಲ್ಲ ಕೆಂಪಗೆ ಖಾರ ಮೆತ್ತಿಕೊಂಡಿತ್ತು. ಅದನ್ನ ನೋಡಿ ಎಷ್ಟು ಸಮಾಧಾನ ಆಯಿತು ಗೊತ್ತಾ?

ಸುಜಾತಮ್ಮ ಉಪ್ಪು ಬಿಟ್ಟು ಇವತ್ತಿಗೆ ಹನ್ನೊಂದು ದಿನ. ಇನ್ನೂ ಹತ್ತೊಂಬತ್ತು ಇದೆ, ಮಧ್ಯೆ ಯಾರು ಕರಗಿಬಿಡ್ತಾರೋ ಅಂತ ಪ್ರಾಣ ಹೊಡ್ಕೊಳ್ಳುತ್ತೆ. ಕಾವ್ಯ ಕರಗಬಹುದು, ಅವಳೇ ಕರಗಬಹುದು, ನಾನೂ... ಇಲ್ಲ. ನಾನು ಕರಗಲ್ಲ ಪುಟ್ರಾಜ. ಹೊಸ ಡ್ರೈವರ್ ಬಂದ, ಹಾರ್ನ್ ಹೊಡೀತಾ ಇದ್ದಾನೆ. ನಿನಗೆ ಕೊಡದ ತಿಂಗಳನ್ನ ನಾನು ಸುಜಾತಮ್ಮಂಗೆ ಕೊಡ್ತಾ ಇದೀನಿ.

ನಿನ್ನ ನಂಜ